ಅಕ್ಕನ ನಕ್ಷೆಗೆ ನಾನು ಹಾಕಿದ ಬಾಣ

ಅಕ್ಕ ಬದುಕಿದ್ದಾಗ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ದೊಡ್ಡ ಮಾತೇನಲ್ಲ. "ಅದು ನಾನು ಮಾಡಿದ್ದು" ಅಂತ, ಅಷ್ಟೆ. ಹತ್ತು ಜನರ ಎದುರು ಅವಳು ಬೈಸಿಕೊಳ್ಳುವಾಗ ನಾನು ಅವಳ ಪಕ್ಕದಲ್ಲೇ ಇದ್ದೆ, ಅವಳ ಛತ್ರಿ ಹಿಡಿದುಕೊಂಡು. ಬಾಯಿ ತೆರೆಯಲಿಲ್ಲ. ಆಮೇಲೆ ಮೂರು ವರ್ಷ ಅವಳ ಮನೆಗೆ ಹೋಗುತ್ತಾ ಬರುತ್ತಾ ಇದ್ದೆ, ಅವಳು ಕೊಟ್ಟ ಕಾಫಿ ಕುಡಿದೆ. ಆಗಲೂ ಹೇಳಲಿಲ್ಲ. ಯಾಕೆ ಅಂದರೆ ನನಗೇ ಸರಿಯಾಗಿ ಗೊತ್ತಿಲ್ಲ. ಹೆದರಿಕೆ ಅನ್ನೋಣವೆಂದರೆ, ಅಕ್ಕನಿಗೆ ನಾನು ಎಂದೂ ಹೆದರಿದವನಲ್ಲ.

ನಮ್ಮ ಕನ್ನಡ ಸಂಘದವರು ವರ್ಷದ ಪುಸ್ತಕಕ್ಕೆ, ನಿಮಗೆ ಗೊತ್ತಿದ್ದವರೊಬ್ಬರ ಬಗ್ಗೆ ನಾಲ್ಕು ಪುಟ ಬರೆದು ಕೊಡಿ ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಎಗ್ಮೋರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಕೇಳಿ, ಹೇಳುತ್ತೇನೆ. ಬರೆಯುವುದು ಗೊತ್ತಿಲ್ಲ. ಆದರೂ ಒಪ್ಪಿಕೊಂಡೆ. ಅಕ್ಕನ ಹೆಸರು ಬರೆಯುವುದಿಲ್ಲ. ಅವಳು ಎಳೆದ ಒಂದು ನಕ್ಷೆಯಲ್ಲೂ ಅವಳ ಹೆಸರು ಇರಲಿಲ್ಲ. ಮೂಲೆಯಲ್ಲಿ ಇಂಜಿನಿಯರ್ ಸೈನು, ಕೆಳಗೆ ಮನೆಯ ಯಜಮಾನರ ಹೆಸರು. ಇಲ್ಲಿ ಮಾತ್ರ ಯಾಕೆ ಬರೆಯಲಿ?

ಹೌದು, ಅಕ್ಕ ಮನೆಯ ನಕ್ಷೆ ಎಳೆಯುತ್ತಿದ್ದಳು. ಕಂಪ್ಯೂಟರಿನಲ್ಲಿ. ಓದಿದ್ದು ನನಗಿಂತ ಮೂರು ಕ್ಲಾಸು ಹೆಚ್ಚು, ಅಷ್ಟೆ.

ನಾವು ಕುಂದಾಪುರದ ಹತ್ತಿರದವರು. ಅಕ್ಕ ಮದುವೆಯಾಗಿ ಮದ್ರಾಸಿಗೆ ಬಂದಳು. ಭಾವ ನುಂಗಂಬಾಕ್ಕಂನ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಎರಡು ವರ್ಷದ ಮೇಲೆ ನನ್ನನ್ನೂ ಕರೆಸಿಕೊಂಡಳು. ಭಾವ ತೀರಿಕೊಂಡ ಮೇಲೆ ಮಾಧವರಂನಲ್ಲಿ ಹಾಲಿನ ಡೈರಿಯ ಹಿಂದುಗಡೆ ಒಂದು ಬಾಡಿಗೆ ಮನೆಯಲ್ಲಿ ಅವಳೂ ಮಗಳೂ ಇದ್ದರು. ಮಗಳಿಗೆ ಕಾಲೇಜಿಗೆಂದು ಹಳೆಯ ಕಂಪ್ಯೂಟರೊಂದು ಬಂತು. ಅದರಲ್ಲಿ ಮನೆ ಕಟ್ಟುವ ಆಟ ಒಂದನ್ನು ಅವಳು ಹಾಕಿಕೊಂಡಿದ್ದಳು. ಆಟ ಅಂತ ನಾನು ತಿಳಿದಿದ್ದೆ. ಆಟವಲ್ಲವಂತೆ, ಅದನ್ನು ಇಟ್ಟುಕೊಂಡು ನಿಜವಾದ ಮನೆಯ ನಕ್ಷೆ ಮಾಡಬಹುದಂತೆ. ಮಗಳು ಎರಡು ದಿನ ನೋಡಿ ಬಿಟ್ಟಳು. ಅಕ್ಕ ಬಿಡಲಿಲ್ಲ.

ಇಂಗ್ಲಿಷ್ ಅವಳಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಅದರಿಂದ ಪ್ರಯೋಜನ ಆಗಲಿಲ್ಲ. ಚಿತ್ರ ನೋಡಿಯೇ ಕಲಿತಳು. ಒಂದು ಚಿತ್ರಕ್ಕೆ ಗೋಡೆ, ಒಂದಕ್ಕೆ ಬಾಗಿಲು, ಒಂದಕ್ಕೆ ಕಿಟಕಿ. ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಬಟನಿಗೆ ಅವಳು ಇಟ್ಟ ಹೆಸರು 'ಬೇಡ'. "ಅಯ್ಯೋ ಬೇಡ, ಬೇಡ, ಬೇಡ" ಅನ್ನುತ್ತಾ ಮೂರು ಸಲ ಒತ್ತುವಳು, ಮೂರು ಗೋಡೆ ಮಾಯ.

ಅವಳ ಮನೆಯ ಹಾಲ್‌ನ ನೆಲಕ್ಕೆ ಮೊಸಾಯಿಕ್ ಕಲ್ಲು, ಒಂದೊಂದು ಸರಿಯಾಗಿ ಒಂದು ಅಡಿ. ಗೋಡೆ ಎಳೆಯುವ ಮೊದಲು ಕುರ್ಚಿಯಿಂದ ಎದ್ದು ಕಲ್ಲು ಎಣಿಸಿಕೊಂಡು ನಡೆಯುವಳು. ಎಂಟು ಕಲ್ಲು ನಡೆದು ತಿರುಗಿ, ಕೈ ಚಾಚಿ, ಇಲ್ಲದ ಒಂದು ಕಪಾಟಿನ ಬಾಗಿಲು ತೆಗೆದು, ಬಗ್ಗಿ, ಇಲ್ಲದ ಒಂದು ಪಾತ್ರೆ ಎತ್ತುವಳು. ಹೊರಗಿನಿಂದ ನೋಡಿದವರಿಗೆ ತಲೆ ಕೆಟ್ಟಿದೆ ಅನ್ನಿಸಬೇಕು. ಆಮೇಲೆ ಬಂದು ಕೂತು, ಗೋಡೆಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸುವಳು.

"ಗ್ವಾಡಿ ಕಟ್ಟುದ್ ಗಂಡ್ಸ್ರ್, ಅದಕ್ಕೆ ಸೊಂಟ ತಾಗ್ಸ್ಕಂಬುದ್ ನಾವ್" ಅನ್ನುತ್ತಿದ್ದಳು.

ಆ ಸಾಫ್ಟ್‌ವೇರಿನೊಳಗೆ ಮನೆಗೆ ಬೇಕಾದ ಸಾಮಾನೆಲ್ಲ ಇತ್ತು, ನಮ್ಮ ಮನೆಗೆ ಬೇಕಾದ್ದು ಮಾತ್ರ ಇರಲಿಲ್ಲ. ಪಿಯಾನೋ ಇತ್ತು, ಗ್ರೈಂಡರ್ ಇರಲಿಲ್ಲ. ಚಳಿ ಕಾಯಿಸುವ ಒಲೆ ಇತ್ತು, ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಅಕ್ಕ ಒಂದು ಬೆಂಚನ್ನು ಕುಗ್ಗಿಸಿ ಒಗೆಯುವ ಕಲ್ಲು ಮಾಡಿದಳು. ಪುಸ್ತಕದ ಕಪಾಟನ್ನು ಗಿಡ್ಡ ಮಾಡಿ ದೇವರ ಮಂಟಪ ಮಾಡಿದಳು. ದುಂಡಗಿನ ಡಸ್ಟ್‌ಬಿನ್ನು ಗ್ರೈಂಡರ್ ಆಯಿತು. ಒಂದು ಸಲ ಅದರ ಹೆಸರು ಅಳಿಸಲು ಮರೆತು ಪ್ರಿಂಟು ತೆಗೆಸಿಬಿಟ್ಟಳು. ಆ ಮನೆಯಾಕೆ ಫೋನು ಮಾಡಿ, "ಅಕ್ಕಾ, ಒಲೆಯ ಪಕ್ಕದಲ್ಲೇ ಎರಡಡಿಯ ಡಸ್ಟ್‌ಬಿನ್ ಇಟ್ಟಿದ್ದೀರಿ, ನಾನು ಅಷ್ಟು ಕೆಟ್ಟದಾಗಿ ಅಡುಗೆ ಮಾಡ್ತೀನಾ?" ಅಂತ ತಮಿಳಿನಲ್ಲಿ ಕೇಳಿದಳಂತೆ. ಇದನ್ನು ಹೇಳಿ ಹೇಳಿ ಅಕ್ಕ ನಗುತ್ತಿದ್ದಳು. ನಗುವಾಗ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುವಳು, ಕಣ್ಣನ್ನಲ್ಲ.

ಅವಳಿಗೆ ಕೆಲಸ ತಂದುಕೊಟ್ಟವನು ಒಬ್ಬ ಮೇಸ್ತ್ರಿ. ವಿಳುಪುರಂ ಕಡೆಯವನು, ಮಾಧವರಂ ಸುತ್ತಮುತ್ತ ಚಿಕ್ಕ ಚಿಕ್ಕ ಮನೆಗಳನ್ನು ಗುತ್ತಿಗೆಗೆ ಹಿಡಿದು ಕಟ್ಟುವವನು. ಅಕ್ಕನ ಮನೆಯ ಮಹಡಿ ರಿಪೇರಿಗೆ ಬಂದಾಗ ಕಿಟಕಿಯಿಂದ ಕಂಪ್ಯೂಟರ್ ನೋಡಿದ. ಮೆಟ್ಟಿಲು ಎಲ್ಲಿ ಬಂದರೆ ಸರಿ ಅಂತ ಕೇಳಿದ. ಅಕ್ಕ ಅರ್ಧ ಗಂಟೆಯಲ್ಲಿ ಎಳೆದು, ಮೆಟ್ಟಿಲು ಹತ್ತಿ ಇಳಿದು ಹೋಗುವ ಹಾಗೆ ತೋರಿಸಿದಳು. ಅಂದಿನಿಂದ ಅವನ ಮನೆಗಳ ನಕ್ಷೆಯೆಲ್ಲ ಇವಳದ್ದು. ಸೈನು ಹಾಕಲು ಒಬ್ಬ ಇಂಜಿನಿಯರ್ ಇದ್ದರು. ಅವರು ತೊಲೆ, ಕಂಬ, ಕಬ್ಬಿಣ ನೋಡುವರು, ಉಳಿದದ್ದು ಅಕ್ಕ.

ಮನೆ ಕಟ್ಟಿಸುವವರು ಬಂದರೆ ಅವಳು ಗಂಡಸರನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಸುಮ್ಮನಾಗಿಸುವಳು. ಪ್ರಶ್ನೆಯೆಲ್ಲ ಹೆಂಗಸರಿಗೆ. ಒದ್ದೆ ಬಟ್ಟೆ ಎಲ್ಲಿ ಹಾಕ್ತೀರಿ? ಅತ್ತೆ ಮಧ್ಯಾಹ್ನ ಎಲ್ಲಿ ಮಲಗ್ತಾರೆ? ಮಿಕ್ಸಿ ಎಡಗೈಗಾ, ಬಲಗೈಗಾ? ಕೈ ಎತ್ತಿ ನಿಲ್ಲಿಸಿ ಅಟ್ಟಕ್ಕೆ ಅಳತೆ ತೆಗೆದುಕೊಳ್ಳುವಳು. ಊಟದ ಜಾಗಕ್ಕೆ ಅವಳ ಅಳತೆಯೇ ಬೇರೆ. ಒಮ್ಮೆ ನನ್ನನ್ನು ಕರೆದು, ಕೈಗೆ ತುಂಬಿದ ಬಕೆಟ್ ಕೊಟ್ಟು, ಸಾಂಬಾರು ಬಡಿಸುವ ಹಾಗೆ ಬಗ್ಗಿ ನಿಲ್ಲು ಅಂದಳು. ಹಿಂದಿನಿಂದ ಟೇಪು ಹಿಡಿದು ಅಳೆದಳು. "ಎರಡೂಮುಕ್ಕಾಲು ಅಡಿ. ನೀನ್ ಸಪೂರ ಆರೆ ಎರಡೂವರೆ ಸಾಕ್." ಅಂದಿನಿಂದ ಅವಳು ಮಾಡಿದ ಎಲ್ಲ ಮನೆಗಳಲ್ಲೂ ಊಟದ ಮೇಜಿಗೂ ಗೋಡೆಗೂ ನಡುವೆ ಎರಡೂಮುಕ್ಕಾಲು ಅಡಿ. ಮೇಸ್ತ್ರಿ ತಲೆ ಚಚ್ಚಿಕೊಳ್ಳುವನು. "ಅಕ್ಕಾ, ಇದು ವೀಡು, ಹೋಟ್ಟಲ್ ಇಲ್ಲೆ! ಗಂಡ ಹೆಂಡತಿ ಇಬ್ಬರಿಗೆ ಯಾರಕ್ಕಾ ಬಕೆಟ್‌ನಲ್ಲಿ ಬಡಿಸ್ತಾರೆ?" ಅಕ್ಕ ಹೇಳುವಳು, "ಅವರ ಮಗಳ ಸೀಮಂತ ನಿನ್ನ ಮನೆಯಲ್ಲಿ ಮಾಡ್ತಾರೇನಪ್ಪಾ?"

ಹಾಗೆ ನಲವತ್ತೋ ಐವತ್ತೋ ಮನೆ ಆಗಿರಬೇಕು. ಅವಳಿಗೆ ಸ್ವಂತ ಮನೆ ಇರಲಿಲ್ಲ. ಅದರ ಬಗ್ಗೆ ಕೇಳಿದರೆ ಎಂತದೋ ಒಂದು ಹೇಳಿ ತಪ್ಪಿಸುವಳು. "ನಂಗೆ ಐವತ್ತ್ ಅಡ್ಗಿಮನಿ ಇತ್ತಲ ಮಾಣಿ, ಇನ್ನೆಷ್ಟ್ ತಿಕ್ಕುದ್?" ಐವತ್ತು ದಾಟಿದ ನನ್ನನ್ನು ಅವಳು ಕೊನೆಯವರೆಗೂ ಮಾಣಿ, ಅಂದರೆ ಹುಡುಗ, ಅಂತಲೇ ಕರೆದಳು.

ಈಗ ಆ ಮನೆಯ ವಿಷಯಕ್ಕೆ ಬರಬೇಕು. ಎರಡು ಸಲ ಬರೆದು ಹರಿದು ಹಾಕಿದೆ. ದಿಕ್ಕುಗಳನ್ನು ಬರೆಯುವಾಗ ನನಗೆ ಈಗಲೂ ಗೊಂದಲ. ಕೈ ಚಾಚಿ, ತಿರುಗಿ ನಿಂತು, ನೋಡಿಕೊಂಡು ಬರೆಯುತ್ತಿದ್ದೇನೆ.

ಮಾಧವರಂ ದಾಟಿ ಹೋದರೆ ಹೊಸ ಲೇಔಟುಗಳು. ಅಲ್ಲಿ ಒಬ್ಬರ ಸೈಟು. ಅವರದ್ದು ನುಂಗಂಬಾಕ್ಕಂನಲ್ಲಿ ಬಾಡಿಗೆ ಮನೆ. ತಿರುನೆಲ್ವೇಲಿಯಲ್ಲಿದ್ದ ತಾಯಿಯನ್ನು ಕರೆತಂದು ಇಟ್ಟುಕೊಳ್ಳಲೆಂದು ಈ ಮನೆ. ಆಡಿ ತಿಂಗಳು ಹತ್ತಿರ ಬಂದಿತ್ತು. ನಮ್ಮ ಆಷಾಢದ ಹಾಗೆ, ಆಡಿಯಲ್ಲಿ ಇಲ್ಲಿಯವರು ಮನೆ ಕೆಲಸ ಶುರುಮಾಡುವುದಿಲ್ಲ. ಅಷ್ಟರೊಳಗೆ ಭೂಮಿಪೂಜೆ ಆಗಬೇಕು, ನಾಲ್ಕು ದಿನದಲ್ಲಿ ನಕ್ಷೆ ಬೇಕು ಅಂದ ಮೇಸ್ತ್ರಿ. ಸೈಟಿನ ಪತ್ರ ಬ್ಯಾಂಕಿನಲ್ಲಿತ್ತು. ಅಕ್ಕನ ಕ್ರಮ ಏನೆಂದರೆ, ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಚಕ್ಕುಬಂದಿ ಓದಿಸಿಕೊಳ್ಳದೆ, ಸ್ವತಃ ಸೈಟಿನಲ್ಲಿ ನಿಂತು ನೋಡದೆ ಗೋಡೆ ಎಳೆಯುವುದಿಲ್ಲ. ಆ ವಾರ ಅವಳ ಮಂಡಿ ಊದಿಕೊಂಡು ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ನನ್ನನ್ನು ಕರೆದಳು. ಹೋಟೆಲಿನ ಬಿಲ್ಲಿನ ಹಿಂದೆ ಒಂದು ಚೌಕ ಬರೆದು, ಒಂದು ಗೆರೆಗೆ 'ರಸ್ತೆ' ಅಂತ ಬರೆದು ಕೊಟ್ಟಳು.

"ಬೆಳಿಗ್ಗೆ ಏಳ್ ಗಂಟಿಗೆ ಹೋಯ್ಕ್. ಒಂದ್ ಕೋಲ್ ನೆಡ್. ನೆರಳ್ ಯಾವ್ ಬದಿಗ್ ಬಿದ್ದಿತ್ತ್ ಕಾಣ್. ನೆರಳಿನ್ ಬದಿ ಪಡು. ಆಮೇಲೆ ಬಡಗು ಯಾವ್ದ್ ಅಂದೇಳಿ ಒಂದ್ ಬಾಣ ಹಾಕ್ಕಂಡ್ ಬಾ."

"ಫೋನಲ್ಲೇ ದಿಕ್ಕು ಕಾಣ್ತದಂತಲ್ಲ ಅಕ್ಕ?"

"ನಿನ್ನ ಬಟನ್ ಫೋನಲ್ಲಾ? ನನ್ನದ್ರಲ್ಲೂ ಕಬ್ಬಿಣ ಹತ್ರ ಹೋದ್ರೆ ಮುಳ್ಳ್ ಕುಣಿತ್ತ್. ನೆರಳ್ ಸುಳ್ಳ್ ಹೇಳುದಿಲ್ಲೆ."

ಬೆಳಿಗ್ಗೆ ಏಳು ಅಂದರೆ ನಮ್ಮ ಹೋಟೆಲಿನಲ್ಲಿ ಇಡ್ಲಿಯ ಹೊತ್ತು. ವಾರದ ರಜೆಯ ದಿನ ಹೋಗಬಹುದಿತ್ತು. ಆ ದಿನ ಮಲಗಿದೆ. ಹೋದದ್ದು ಮಾರನೇ ದಿನ ಮಧ್ಯಾಹ್ನ, ಊಟದ ಗಿರಾಕಿ ಮುಗಿಯುವ ಮೊದಲೇ ಎರಡು ಗಂಟೆಯ ಬಿಡುವು ಕೇಳಿಕೊಂಡು. ಸೂರ್ಯ ನೆತ್ತಿಯ ಮೇಲೆ. ಕೋಲು ನೆಟ್ಟರೆ ನೆರಳು ಕೋಲಿನ ಬುಡದಲ್ಲೇ ಮುದುಡಿ ಕೂತಿತ್ತು. ಪಕ್ಕದಲ್ಲೊಂದು ಟೀ ಅಂಗಡಿ. ಅಲ್ಲಿ 'ವಡಕ್ಕು ಎಂಗೆ', ಉತ್ತರ ಎಲ್ಲಿ ಅಂತ ಕೇಳಿದ್ದರೆ ಬಡಗು ಯಾವುದೆಂದು ಹೇಳುತ್ತಿದ್ದರು. ಮೂವತ್ತು ವರ್ಷ ತಮಿಳು ಮಾತಾಡಿದವನಿಗೆ ಅಷ್ಟು ಬರುವುದಿಲ್ಲವೇ? ಆದರೆ ನಾನು ಕೇಳಿದ್ದು, ಕಡಲು ಯಾವ ಕಡೆ ಅಂತ. ಅವನು ಟೀ ಎತ್ತಿ ಹೊಯ್ಯುತ್ತಲೇ ಗಲ್ಲದಿಂದ ತೋರಿಸಿದ. ರಸ್ತೆಯಲ್ಲಿ ನಿಂತು ಸೈಟು ನೋಡಿದರೆ ಬಲಗಡೆ. ನನಗೆ ಅಷ್ಟು ಸಾಕಾಯಿತು. ಕಡಲು ಸಿಕ್ಕಿತಲ್ಲ, ಇನ್ನು ಉಳಿದದ್ದೆಲ್ಲ ಸಿಕ್ಕ ಹಾಗೆ.

ನಮ್ಮ ಊರಿನಲ್ಲಿ ಕಡಲು ಅಂದರೆ ಪಡು. ಗದ್ದೆಯಲ್ಲಿರಲಿ, ಮನೆಯೊಳಗಿರಲಿ, ಕಣ್ಣು ಕಟ್ಟಿ ಬಿಟ್ಟರೂ ಮೈಗೆ ಗೊತ್ತಾಗುತ್ತದೆ, ಕಡಲು ಆ ಬದಿ, ಸೂರ್ಯ ಮುಳುಗುವುದು ಅಲ್ಲಿ. ಮದ್ರಾಸಿನ ಕಡಲಿನಿಂದ ಸೂರ್ಯ ಹುಟ್ಟುತ್ತಾನೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಬಂದ ಹೊಸತರಲ್ಲಿ ಭಾವ ಬೀಚಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು, ಅದನ್ನು ನೋಡಿ ನಾನೂ ಅಕ್ಕನೂ ನಕ್ಕಿದ್ದೆವು. ಆದರೆ ಹೋಟೆಲಿನ ಅಡುಗೆಮನೆಯೊಳಗೆ ಇರುವವನಿಗೆ ದಿಕ್ಕು ಎಲ್ಲಿಯದು? ಒಲೆಯ ಕಡೆ, ತೊಳೆಯುವ ಕಡೆ, ಎರಡೇ. ತಲೆ ಮದ್ರಾಸಿನದ್ದಾದರೂ ಮೈ ಊರಿನದ್ದೇ ಉಳಿದಿತ್ತು ಅನ್ನಿಸುತ್ತದೆ. ಅಥವಾ ಇದೆಲ್ಲ ಈಗ ನಾನು ಕಟ್ಟಿಕೊಳ್ಳುತ್ತಿರುವ ಸಮಾಧಾನವೋ. ಬಲಗಡೆ ಕಡಲು, ಅಂದರೆ ಬಲಗಡೆ ಪಡು, ಅಂದರೆ ನನ್ನ ಬೆನ್ನ ಹಿಂದಿನ ರಸ್ತೆ ಬಡಗು. ಬಾಣ ಹಾಕಿದೆ. ನಿಜವಾಗಿ ಆ ರಸ್ತೆ ಇದ್ದದ್ದು ತೆಂಕು ಬದಿಗೆ, ದಕ್ಷಿಣಕ್ಕೆ.

ಚೀಟಿ ಕೊಟ್ಟಾಗ ಅಕ್ಕ ಕೇಳಿದಳು. "ಬೆಳಿಗ್ಗೆಯೇ ಹೋದ್ಯಾ? ನೆರಳ್ ಕಂಡ್ಯಾ?"

"ಹ್ಞಾಂ ಅಕ್ಕ, ಕಂಡೆ."

ಇಷ್ಟೇ ನಾನು ಹೇಳಿದ ಸುಳ್ಳು.

ಆಮೇಲೆ ಎಷ್ಟೋ ಕಣ್ಣು ಆ ನಕ್ಷೆ ನೋಡಿತು. ಅಕ್ಕ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ, ಬಾಗಿಲಿನಿಂದ ಒಳಗೆ ನಡೆದು ಹೋಗುವ ಹಾಗೆ ಮಾಡಿ, ಆ ಮನೆಯವರ ಫೋನಿಗೆ ಕಳಿಸಿದಳು. ಅವರು ಸೋಫಾದ ಬಣ್ಣ ನೋಡಿದರು. ಟಿವಿ ಗೋಡೆ ಇನ್ನೂ ಅಗಲ ಬೇಕು ಅಂದರು. ಇಂಜಿನಿಯರ್ ಕಂಬ ನೋಡಿದರು. ಮೇಸ್ತ್ರಿ ರಸ್ತೆ ನೋಡಿದ, ಅಲ್ಲಿಂದ ಟೇಪು ಹಿಡಿದ. ಮೂಲೆಯಲ್ಲಿದ್ದ ಬಾಣವನ್ನು ಯಾರೂ ನೋಡಲಿಲ್ಲ. ಅಕ್ಕನ ನಕ್ಷೆ ಅಂದಮೇಲೆ ನೋಡುವುದೇನು ಅಂತ.

ಗೋಡೆ ಎದೆಯ ಮಟ್ಟಕ್ಕೆ ಬಂದಾಗ ಬಾಗಿಲ ಚೌಕಟ್ಟು ನಿಲ್ಲಿಸುವ ಪೂಜೆ. ಇಲ್ಲಿ ವಾಸ್ಕಾಲ್ ಅಂತಾರೆ. ಅಕ್ಕನನ್ನೂ ಕರೆದಿದ್ದರು. ಮಂಡಿ ಪೂರ್ತಿ ವಾಸಿಯಾಗಿರಲಿಲ್ಲ, ಹಾಗಾಗಿ ನಾನು ಜೊತೆಗೆ ಹೋದೆ. ಬೆಳಿಗ್ಗೆ ಎಂಟರ ಬಿಸಿಲು. ತಿರುನೆಲ್ವೇಲಿಯಿಂದ ಮನೆಯವರ ತಾಯಿ, ಆ ಅಜ್ಜಿ, ಬಂದಿದ್ದರು, ತಮ್ಮ ಮನೆಯನ್ನು ಮೊದಲ ಸಲ ನೋಡಲು. ಬರಿಗಾಲಿನಲ್ಲಿ ಇಟ್ಟಿಗೆ ಚೂರು ತುಳಿಯುತ್ತಾ ಒಳಗೆಲ್ಲ ಸುತ್ತಿದರು. ಇದು ಏನು, ಇದು ಏನು ಅಂತ ಮೇಸ್ತ್ರಿಯನ್ನು ಕೇಳುತ್ತಾ ಹಿಂದಿನ ಬಲಮೂಲೆಗೆ ಬಂದರು. ಮಲಗುವ ಕೋಣೆ, ಅದಕ್ಕೆ ಸೇರಿದ ಬಾತ್‌ರೂಮು ಅಂದ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು. ಮತ್ತೆ ಗೋಡೆ ನೋಡಿದರು.

"ಡೇಯ್, ಸೂರ್ಯನ್ ಅಂಗೆ ಇರುಕ್ಕಾನ್. ಅಪ್ಪೊ ಇದು ಈಸಾನ್ಯಂ. ಈಸಾನ್ಯತ್ತುಲ ಕಕ್ಕೂಸಾ?"

ದೇವರಿಗೆ ಬಿಡಬೇಕಾದ ಈಶಾನ್ಯ ಮೂಲೆಯಲ್ಲಿ ಕಕ್ಕಸು. ಹಾಗಾದರೆ ದೇವರ ಕೋಣೆ? ಅದು ತಿರುಗಿ ನೈಋತ್ಯಕ್ಕೆ ಹೋಗಿ ಕೂತಿತ್ತು. ಇಡೀ ಮನೆ ತಲೆಕೆಳಗಾಗಿ ಮಲಗಿದ ಹಾಗೆ. ಪುರೋಹಿತರು ಮಂತ್ರ ನಿಲ್ಲಿಸಿದರು. ಅಜ್ಜಿ ಅಲ್ಲೇ ಮರಳಿನ ರಾಶಿಯ ಮೇಲೆ ಕೂತುಬಿಟ್ಟರು. ಈ ಮನೆಯಲ್ಲಿ ನಾನು ಇರೋದಿಲ್ಲ, ನನ್ನನ್ನು ಊರಿಗೆ ಕಳಿಸಿಬಿಡು ಅಂತ ಮಗನಿಗೆ ಹೇಳಿದರು. ಮಗ ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಅಕ್ಕನ ಕಡೆ ತಿರುಗಿದ.

"ಅಕ್ಕಾ, ಎನ್ನಕ್ಕಾ ಇದು?"

ಅಕ್ಕ ಪ್ರಿಂಟು ತೆಗೆದುಕೊಂಡು ಇಟ್ಟಿಗೆಯ ಮೇಲೆ ಹರಡಿದಳು. ಬಾಣ ನೋಡಿದಳು. ಸೂರ್ಯನನ್ನು ನೋಡಿದಳು. ಕಾಗದವನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು. ಅವಳು ಈಗ ನನ್ನ ಕಡೆ ನೋಡುತ್ತಾಳೆ ಅಂತ ನಾನು ಕಾದೆ. ನೋಡಿದರೆ ಹೇಳಿಬಿಡುತ್ತಿದ್ದೆ ಅಂತ ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳು ನೋಡಲಿಲ್ಲ. ಅಜ್ಜಿಯ ಮುಂದೆ ಹೋಗಿ, ಬಗ್ಗದ ಮಂಡಿಯನ್ನು ಹೇಗೋ ಬಗ್ಗಿಸಿ ಕೂತಳು.

"ಎನ್ ತಪ್ಪುದಾಮ್ಮಾ. ಮನ್ನಿಚ್ಚಿಡುಂಗ."

ನನ್ನ ತಪ್ಪೇ, ಕ್ಷಮಿಸಿ ಅಂತ. ಅಜ್ಜಿ ಮುಖ ತಿರುಗಿಸಿದರು. ಹಿಂದಿನಿಂದ ಯಾರೋ ಹೇಳಿದರು, ಓದದವರ ಕೈಗೆ ಮನೆ ಕೊಟ್ಟರೆ ಹೀಗೇ ಆಗೋದು. ಆ ಮಾತು ನನ್ನ ಮೈ ಮೇಲೆ ಬೀಳಬೇಕಾದದ್ದು ನನ್ನನ್ನು ಬಿಟ್ಟು ಪಕ್ಕದವಳ ಮೇಲೆ ಬಿತ್ತು. ನಾನು ಛತ್ರಿಯನ್ನು ಅವಳ ತಲೆಯ ಮೇಲೆ ಸರಿಯಾಗಿ ಹಿಡಿದೆ. ಅಷ್ಟು ಮಾಡಿದೆ.

ಅಲ್ಲಿ ಊಟಕ್ಕೆ ನಿಲ್ಲಲಿಲ್ಲ. ಆಟೋದಲ್ಲಿ ಬರುವಾಗ ಅಕ್ಕ ಹೊರಗೆ ನೋಡುತ್ತಿದ್ದಳು. ಡೈರಿಯ ಗೇಟು ಬಂದಾಗ ಕೇಳಿದಳು, "ಹಸಿವ್ ಆತಾ ಮಾಣಿ? ತಿಂಡಿಯೂ ಆಯ್ಲಿಲ್ಲ ನಿಂಗೆ." ಮನೆಗೆ ಹೋಗಿ ಉಪ್ಪಿಟ್ಟು ಮಾಡಿಕೊಟ್ಟಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಹೇಗೆ ತಿಂದೆನೋ.

ಆ ಮನೆಯ ಎರಡು ಗೋಡೆ ಒಡೆದರು. ಹೊಸ ನಕ್ಷೆ ಅಕ್ಕನೇ ಮಾಡಿಕೊಟ್ಟಳು, ಅದನ್ನು ಬೇರೆ ಇಬ್ಬರಿಗೆ ತೋರಿಸಿಯೇ ಅವರು ಒಪ್ಪಿದರು. ಮೇಸ್ತ್ರಿ ಕೆಟ್ಟವನಲ್ಲ, ಒಂದು ಮಾತೂ ಆಡಲಿಲ್ಲ. ಆದರೆ ಮುಂದಿನ ಮನೆಯ ನಕ್ಷೆಗೆ ಅಕ್ಕನ ಹತ್ತಿರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಡಿಪ್ಲೊಮಾ ಓದಿದ ಒಬ್ಬ ಹುಡುಗ ಸಿಕ್ಕಿದನಂತೆ. ಐವತ್ತು ಮನೆ ಮಾಡಿದಾಗ ಎಲ್ಲೂ ಇಲ್ಲದ ಅಕ್ಕನ ಹೆಸರು ಈ ಒಂದು ತಪ್ಪಿನಿಂದ ಸುತ್ತಮುತ್ತಲ ಮೇಸ್ತ್ರಿಗಳಿಗೆಲ್ಲ ಗೊತ್ತಾಯಿತು.

ಅಕ್ಕ ಬದಲಾದಳು. ಮೊದಲೆಲ್ಲ ಗೋಡೆ ಎಳೆಯುವಾಗ ಅವಳ ಕೈ ನಿಲ್ಲುತ್ತಿರಲಿಲ್ಲ. ಈಗ ಮೌಸಿನ ಮೇಲೆ ಕೈ ಇಟ್ಟು ಸುಮ್ಮನೆ ಕೂತಿರುವಳು. ಯಾರಾದರೂ ಪಕ್ಕದವರು ಒಂದು ಶೆಡ್ಡು ಹಾಕಬೇಕು, ಎಳೆದು ಕೊಡಿ ಅಂದರೂ, "ನನ್ನಿಂದ ಬೇಡಮ್ಮ, ಬೇರೆ ಯಾರನ್ನಾದರೂ ಕೇಳಿ" ಅನ್ನುವಳು. ಒಂದು ದಿನ, ಹನ್ನೆರಡು ವರ್ಷ ಇದ್ದ ಅದೇ ಮನೆಯಲ್ಲಿ, ನನ್ನನ್ನು ಕೇಳಿದಳು.

"ಮಾಣಿ, ಇಲ್ಲಿ ಮೂಡು ಯಾವ್ದ್?"

ನಾನು ತಮಾಷೆ ಮಾಡಿದೆ. "ಎಂತ ಅಕ್ಕ, ವಯಸ್ಸಾಯ್ತಾ? ದಿನಾ ಬೆಳಿಗ್ಗೆ ಆ ಕಿಟಕಿಯಿಂದ ತಾನೇ ಬಿಸಿಲು ಬಪ್ಪುದು?"

"ಹೌದಲ" ಅಂದಳು. ನಗಲಿಲ್ಲ. ಎದ್ದು ಹೋಗಿ ಆ ಕಿಟಕಿಯಲ್ಲಿ ನಿಂತಳು.

ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ನನ್ನನ್ನು ಕಾಪಾಡಿದಳು, ಅಕ್ಕಂದಿರು ಹಾಗೇ ಅಲ್ಲವೇ ಅಂತ ನಾನು ತಿಳಿದುಕೊಂಡಿದ್ದೆ. ತಿಳಿದುಕೊಂಡಿದ್ದಕ್ಕೇ ಸುಮ್ಮನಿರಲು ಸುಲಭವಾಯಿತು. ಅವಳಿಗೆ ಗೊತ್ತಿರುವುದನ್ನು ಮತ್ತೆ ಅವಳಿಗೇ ಹೇಳುವುದೇನು? ಅವಳಿಗೆ ಒಂದು ವಾರ ಜ್ವರ ಬಂದು, ಎಗ್ಮೋರಿನ ಆಸ್ಪತ್ರೆಗೆ ಸೇರಿಸಿದಾಗಲೂ ಗಂಜಿ ತೆಗೆದುಕೊಂಡು ಹೋದೆ. ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಎರಡನೇ ದಿನ ಹೃದಯ ನಿಂತಿತು.

ಹತ್ತನೇ ದಿನ ಸೊಸೆ, ಅಂದರೆ ಅಕ್ಕನ ಮಗಳು, ಕಂಪ್ಯೂಟರನ್ನು ಯಾರಿಗಾದರೂ ಕೊಡೋಣವೆಂದು ತೆರೆದು ನೋಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ತಮಿಳು. "ಮಾಮಾ, ಇಂಗೆ ಪಾರುಂಗ", ಇಲ್ಲಿ ನೋಡಿ ಅಂತ ಕರೆದಳು. ಅದೇ ಮನೆ. ಅದೇ ಸೈಟು. ಅಕ್ಕ ಹನ್ನೊಂದು ಸಲ ಎಳೆದಿಟ್ಟಿದ್ದಳು, ಒಂದೊಂದರಲ್ಲೂ ಬಾಣ ಒಂದೊಂದು ಕಡೆಗೆ. ಸೊಸೆ ಹೇಳಿದ್ದು ಇಷ್ಟು. ಅಮ್ಮ ದಿನಾ ಇದನ್ನು ತೆರೆದು ನೋಡುತ್ತಿದ್ದಳಂತೆ. ಮಾಮ ಬೆಳಿಗ್ಗೆಯೇ ಹೋಗಿ ನೆರಳು ನೋಡಿ ಸರಿಯಾಗಿ ಗುರುತು ಹಾಕಿ ತಂದಿದ್ದ, ಎಳೆಯುವಾಗ ನಾನೇ ಎಲ್ಲೋ ತಿರುಗಿಸಿಬಿಟ್ಟಿದ್ದೇನೆ, ಎಲ್ಲಿ ತಿರುಗಿಸಿದೆ ಅಂತ ಗೊತ್ತಾಗುತ್ತಿಲ್ಲ, ನನ್ನ ಕಣ್ಣನ್ನು ಇನ್ನು ನಂಬುವ ಹಾಗಿಲ್ಲ ಅನ್ನುತ್ತಿದ್ದಳಂತೆ.

ಹಾಗಾದರೆ ಅವಳಿಗೆ ಗೊತ್ತೇ ಇರಲಿಲ್ಲವೇ? ನನ್ನ "ಹ್ಞಾಂ ಅಕ್ಕ, ಕಂಡೆ" ಅನ್ನುವ ಮಾತನ್ನು ನಂಬಿ, ತನ್ನ ಕೈಯನ್ನೇ ನಂಬದೆ ಹೋದಳೇ? ಆ ಚೀಟಿ ಎಲ್ಲಿ ಅಂತ ಕೇಳಿದೆ. ಚೀಟಿ ಇದ್ದಿದ್ದರೆ, ಅದರ ಬಾಣವೂ ನಕ್ಷೆಯ ಬಾಣವೂ ಒಂದೇ ಅಂತ ಅವಳಿಗೆ ಕಾಣದೆ ಇರುತ್ತಿತ್ತೇ? ಸೊಸೆ ಹುಡುಕಿದಳು. ಉಳಿದ ಮನೆಗಳ ಚೀಟಿಯೆಲ್ಲ ಅಕ್ಕ ದಾರದಲ್ಲಿ ಕಟ್ಟಿ ಇಟ್ಟಿದ್ದಳು. ಅದೊಂದು ಇರಲಿಲ್ಲ. ಕಳೆದುಹೋಯಿತೋ, ಅವಳೇ ಹರಿದು ಹಾಕಿದಳೋ. ಹರಿದಿದ್ದರೆ, ಮಗಳ ಎದುರು ಮಾಮನ ಮರ್ಯಾದೆ ಹೋಗಬಾರದು ಅಂತ ಹಾಗೆ ಹೇಳಿದಳೇ? ಹನ್ನೊಂದು ಸಲ ಎಳೆದದ್ದು ಯಾಕೆ ಹಾಗಾದರೆ? ಎರಡರಲ್ಲಿ ಯಾವುದು ನಿಜವಾದರೂ ನನಗೆ ಉಳಿಗಾಲ ಇಲ್ಲ. ಯಾವುದು ನಿಜ ಅಂತ ಹೇಳುವವಳು ಒಬ್ಬಳೇ ಇದ್ದಳು.

ಹದಿಮೂರನೇ ದಿನದ ಊಟ ಮಾಧವರಂನಲ್ಲೇ ಒಂದು ಚಿಕ್ಕ ಹಾಲ್‌ನಲ್ಲಿ. ಅಡುಗೆ ನಮ್ಮ ಹೋಟೆಲಿನವರದ್ದೇ. ಮೇಸ್ತ್ರಿ ಬಂದಿದ್ದ. ಬಿಳಿ ಅಂಗಿ ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು. ಊಟ ಆದಮೇಲೆ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಒಳಗೆ ಅಕ್ಕನ ಫೋಟೋ, ಕಾಲುದೀಪ. ಬಾಗಿಲು ತೆರೆದಿತ್ತು, ಕೂತಲ್ಲಿಂದ ಕಾಣುತ್ತಿತ್ತು. ಸೊಸೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಮೇಸ್ತ್ರಿ ಪ್ರೀತಿಯಿಂದಲೇ ಮಾತಾಡಿದ. ಅಕ್ಕ ಮಾಡಿದ ಮನೆಯಲ್ಲಿ ಇರುವ ಹೆಂಗಸರು ಇವತ್ತಿಗೂ ಕೇಳ್ತಾರೆ, ಅಕ್ಕ ಹೇಗಿದ್ದಾರೆ ಅಂತ. ಈ ಡಿಪ್ಲೊಮಾದವನಿಗೆ ಮಿಕ್ಸಿ ಎಲ್ಲಿ ಇಡಬೇಕು ಅಂತ ಗೊತ್ತಾ? ಗೊತ್ತಿಲ್ಲ. ಏನೋ, ಪಾಪ, ಆ ಒಂದು ಮನೆಯಲ್ಲಿ ಮಾತ್ರ ಅಕ್ಕನ ಕಣ್ಣು ಕೈಕೊಟ್ಟಿತು. ವಯಸ್ಸಾದರೆ ಆಗುತ್ತದೆ, ಅಲ್ಲವಾ ಸಾಮಿ?

ಎಲ್ಲರೂ ಆಗುತ್ತದೆ, ಆಗುತ್ತದೆ ಅಂದರು. ನನ್ನ ತಲೆಯೂ ಅಭ್ಯಾಸದಿಂದ ಅಲ್ಲಾಡಲು ಶುರುವಾಗಿತ್ತು. ಅದನ್ನು ಹಿಡಿದು ನಿಲ್ಲಿಸುವುದು ನಾನು ಈವರೆಗೆ ಮಾಡಿದ ಯಾವ ಕೆಲಸಕ್ಕಿಂತಲೂ ಕಷ್ಟವಾಯಿತು.

"ಅಕ್ಕ ಇಲ್ಲೆ ಮೇಸ್ತ್ರಿ. ನಾನ್" ಅಂದೆ. ಅಕ್ಕ ಅಲ್ಲ, ನಾನು ಅಂತ.

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ತಮಿಳಿನಲ್ಲೇ, ಬಿಡಿಸಿ ಹೇಳಿದೆ. ಬೆಳಿಗ್ಗೆ ಹೋಗು ಅಂದಿದ್ದಳು, ನಾನು ಮಧ್ಯಾಹ್ನ ಹೋದೆ. ನೆರಳು ನೋಡು ಅಂದಿದ್ದಳು, ನಾನು ಕಡಲು ಕೇಳಿದೆ. ಬಾಣ ಹಾಕಿದ್ದು ನಾನು. ಅವಳು ಕೇಳಿದಾಗ ನೋಡಿದೆ ಅಂತ ಸುಳ್ಳು ಹೇಳಿದ್ದೂ ನಾನು. ಅವಳು ಎಳೆದದ್ದು ಸರಿಯಾಗಿಯೇ ಇತ್ತು. ಇದನ್ನು ನೀನು ಎಲ್ಲ ಮೇಸ್ತ್ರಿಗಳಿಗೂ ಹೇಳು. ಆ ಅಜ್ಜಿ ಇದ್ದರೆ ಅವರಿಗೂ ಹೇಳು, ಇಲ್ಲ, ನಾನೇ ಬಂದು ಹೇಳುತ್ತೇನೆ.

ಮೇಸ್ತ್ರಿ ಎಲೆಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೂತ. "ಮೂಣು ವರುಷಮಾ ಸಾಮಿ?" ಅಂದ. ಮೂರು ವರ್ಷವಾ ಅಂತ. ಸೊಸೆ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಅವಳು ಒಳಗೆ ಹೋದಳು. ನಾನೂ ಎದ್ದು ಹಿಂದೆಯೇ ಹೋದೆ. ಒಳಗೆ ಬಡಿಸುವವರು, ಎಲೆ ತೆಗೆಯುವವರು, ನೆಂಟರು, ಎಲ್ಲರೂ ಇದ್ದರು. ಅವರೆಲ್ಲ ಕೇಳುವ ಹಾಗೆ ಹೇಳಬೇಕೆಂದುಕೊಂಡದ್ದಲ್ಲ. ದನಿ ತಾನಾಗಿಯೇ ದೊಡ್ಡದಾಗಿ ಬಂತು.

"ಅಕ್ಕ, ನಾ ಬೆಳಿಗ್ಗೆ ಹೋಯ್ಲಿಲ್ಲೆ. ನಿನ್ನ ಕಣ್ಣ್ ಸಮಾ ಇತ್ತ್, ಕೈಯೂ ಸಮಾ ಇತ್ತ್. ತಪ್ಪ್ ನಂದ್. ತಪ್ಪಾಯ್ತ್ ಅಕ್ಕ."